ಎಡಕ್ಕೆ ಹೋಗುವ ಕೈ

ನನ್ನ ಊಟದ ಕೋಣೆಯ ಗೋಡೆಯ ಮೇಲೆ ನಾನೊಂದು ಕೋಳಿ. ಸೊಂಟಕ್ಕೆ ಏಪ್ರನ್ ಕಟ್ಟಿ, ಲಟ್ಟಣಿಗೆ ಎತ್ತಿಕೊಂಡು, ಕೊಕ್ಕು ತೆರೆದು ಅರಚುತ್ತಿರುವ ದಪ್ಪ ಕೋಳಿ. ಕೆಳಗೆ ‘ಹುಲ್ಡಾ ಬಿಕ್‌ಫರ್ಡ್, ಗುರುವಾರ ಬೆಳಿಗ್ಗೆ’ ಎಂದು ಬರೆದಿದೆ. ಗುರುವಾರ ನಾನು ಹಾಸಿಗೆ ಬಟ್ಟೆ ಬದಲಾಯಿಸುವ ದಿನ. ಬೂಟು ಕಳಚದೆ ಮಲಗುವ ಗಂಡಸರಿಗೆ ಅಂದು ನನ್ನ ಬಾಯಿಂದ ಏನೇನು ಉದುರುತ್ತದೆ ಎಂಬುದು ಇಡೀ ಬೀದಿಗೆ ಗೊತ್ತು. ಚಿತ್ರ ಬರೆದವನು ನನ್ನ ಬಾಡಿಗೆ ಹುಡುಗರಲ್ಲೊಬ್ಬ, ಗಸ್ ಎಂಬ ತರಲೆ. ಗೋಡೆಗೆ ಅಂಟಿಸಿ, “ಸಿಟ್ಟು ಬಂತಾ ಮಿಸೆಸ್ ಬಿಕ್‌ಫರ್ಡ್?” ಎಂದು ಹಲ್ಲು ಕಿರಿದ. ಇಲ್ಲಪ್ಪ ಎಂದೆ. ತಮ್ಮ ಚಿತ್ರ ನೋಡಿ ಸಿಟ್ಟಾದವರು ಭಾನುವಾರದ ಪಾತ್ರೆ ತೊಳೆಯಬೇಕು ಎಂಬುದು ಆ ಹುಡುಗರ ನಿಯಮ. ಪಾತ್ರೆ ಹೇಗಿದ್ದರೂ ನಾನೇ ತೊಳೆಯುವುದು, ಆದರೂ ನಿಯಮ ನಿಯಮವೇ.

ಲಾಸ್ ಏಂಜಲೀಸ್‌ನ ಗುಡ್ಡದ ಮೇಲಿನ ಬೀದಿ ನಮ್ಮದು. ಗುಡ್ಡದ ಕೆಳಗೆ ಕಾರ್ಟೂನು ಸಿನಿಮಾ ಮಾಡುವ ಕಂಪನಿ. ನನ್ನ ಯಜಮಾನರು ತೀರಿಕೊಂಡ ಮೇಲೆ ಮಹಡಿಯ ಕೋಣೆಗಳನ್ನು ಆ ಕಂಪನಿಯ ಹುಡುಗರಿಗೆ ಊಟ ಸಮೇತ ಬಾಡಿಗೆಗೆ ಕೊಟ್ಟೆ. ಬೇರೆ ಕಡೆಯ ಬಾಡಿಗೆದಾರರು ಕುಡಿಯುತ್ತಾರೆ, ಇವರು ನೋಡುತ್ತಾರೆ. ಯಾವುದು ಹೆಚ್ಚು ಕಾಟವೋ ಹೇಳಲಾರೆ. ನೀವು ಸೂಪು ಊದಿ ಕುಡಿಯುವುದೇ ತಡ, ಎದುರು ಕೂತವನ ಪೆನ್ಸಿಲು ಓಡುತ್ತಿರುತ್ತದೆ. ಬೆನ್ನು ತುರಿಸಿಕೊಳ್ಳಲೂ ನನ್ನ ಮನೆಯಲ್ಲೇ ನಾನು ಬಾಗಿಲು ಹಾಕಿಕೊಳ್ಳಬೇಕು.

ಈ ಗುಂಪಿನಲ್ಲಿ ವೆಂಡೆಲ್ ಸ್ಟೂಪ್ಸ್ ಎಂಬವನೊಬ್ಬನಿದ್ದ. ಬಡಕಲು ಹುಡುಗ, ಉಗುರು ಕಚ್ಚುವ ಚಟ. ಕಂಪನಿಯಲ್ಲಿ ದೊಡ್ಡ ಚಿತ್ರಗಾರರು ಒಂದು ಚಲನೆಯ ಮೊದಲನೆಯ ಚಿತ್ರ, ಕೊನೆಯ ಚಿತ್ರ ಬರೆದು ಎದ್ದು ಹೋಗುತ್ತಾರೆ. ನಡುವಿನ ರಾಶಿ ಚಿತ್ರಗಳನ್ನು ತುಂಬುವುದು ವೆಂಡೆಲ್‌ನಂಥವರ ಪಾಡು. ವರ್ಷಗಟ್ಟಲೆ ನಡುವೆಯೇ ಸವೆದವನಿಗೆ ಆ ವಸಂತದಲ್ಲಿ ಮೊದಲ ಸಲ ಒಂದು ಇಡೀ ದೃಶ್ಯ ಸಿಕ್ಕಿತು. ಹಳ್ಳಿಯ ಇಲಿಯೊಂದು ಪಟ್ಟಣದ ನೆಂಟನ ಮನೆಗೆ ಬರುವ ಕಥೆ. ಇಲಿ ಮೊದಲ ಸಲ ದೊಡ್ಡವರ ಊಟದ ಮೇಜು ಹತ್ತಿ ತಿನ್ನುವ ಭಾಗ ಇವನದು. ಜನ ನಕ್ಕರೆ ಇವನು ಮೇಲೆ, ಇಲ್ಲದಿದ್ದರೆ ಮತ್ತೆ ಅದೇ ನಡುವೆ. ರಾತ್ರಿ ಹಗಲು ಕನ್ನಡಿ ಮುಂದೆ ಕೂತು ಬಿಸ್ಕತ್ತು ತಿಂದು ತಿಂದು ಹೊಟ್ಟೆ ಕೆಡಿಸಿಕೊಂಡ. ಇಲಿ ಮಾತ್ರ ಜೀವ ತಳೆಯಲಿಲ್ಲ.

ಡೆಲ್ಮರ್ ಕ್ರೈಡರ್ ನಮ್ಮ ಮನೆಗೆ ಬಂದದ್ದು ಆ ದಿನಗಳಲ್ಲೇ. ವೆಂಡೆಲ್‌ನ ದೊಡ್ಡಮ್ಮನ ಮಗ. ನೆಬ್ರಾಸ್ಕಾದ ಬಯಲಿನವನು. ಅಲ್ಲಿ ಪ್ರತಿ ಹೊಲದಲ್ಲೂ ನೀರೆತ್ತುವ ಗಾಳಿಯಂತ್ರ ಇರುತ್ತದೆ, ಅವುಗಳ ತುದಿಗೆ ಹತ್ತಿ ಎಣ್ಣೆ ಹಾಕುವುದು, ಮುರಿದ ರೆಕ್ಕೆ ಕಟ್ಟುವುದು ಅವನ ಕಸುಬು. ಹುಟ್ಟಿದ್ದು ಮಣ್ಣುಹೆಂಟೆ ಪೇರಿಸಿ ಕಟ್ಟಿದ ಮನೆಯಲ್ಲಿ, ಓದಿದ್ದು ಚಳಿಗಾಲಗಳಲ್ಲಿ ಮಾತ್ರ. ಮದುವೆಯಾದದ್ದು ಪಕ್ಕದೂರಿನ ಟೆಲಿಫೋನು ಕಚೇರಿಯಲ್ಲಿ ಕರೆ ಜೋಡಿಸಲು ತಂತಿ ಸಿಕ್ಕಿಸುತ್ತಿದ್ದ ಐಡಾಳನ್ನು. ಹಿಂದಿನ ಶರತ್ಕಾಲದಲ್ಲಿ ಐಡಾ ತೀರಿಕೊಂಡಳು. ಹೂಳಿ ಬಂದ ಮರುದಿನವೇ ಇವನು ಕೆಲಸಕ್ಕೆ ಹೋದ. ಒಂದು ದಿನ ಯಂತ್ರದ ತುದಿ ಹತ್ತಿದವನು ಕೆಳಗಿಳಿಯಲೇ ಇಲ್ಲ. ಸಂಜೆಯವರೆಗೂ ಮೇಲೆ ನಿಂತಿದ್ದನಂತೆ. ಯಾಕಯ್ಯಾ ಎಂದು ಕೇಳಿದರೆ, “ಏನಿಲ್ಲ, ಇಳೀಬೇಕು ಅನ್ನಿಸ್ಲಿಲ್ಲ” ಎಂದನಂತೆ. ಪಾದ್ರಿಗಳು ಹೆದರಿ, ನಾಲ್ಕು ಜನ ಸೇರಿ ಅವನನ್ನು ರೈಲು ಹತ್ತಿಸಿದರು.

ಬಾಗಿಲಲ್ಲಿ ನಿಂತವನನ್ನು ನೋಡಿ ನನಗೆ ಭಯವೇ ಆಯಿತು. ಆಳು ಗಟ್ಟಿಮುಟ್ಟು, ಮುಖ ಮಾತ್ರ ಖಾಲಿ. ದುಃಖದ ಮುಖವನ್ನು ನಾನು ಬಲ್ಲೆ, ಕನ್ನಡಿಯಲ್ಲೇ ನೋಡಿದ್ದೇನೆ. ಇದು ಅದಲ್ಲ.

“ಊಟ ಆಯ್ತಾ?” ಎಂದೆ.

“ಆಗಿದ್ರೂ ಸರಿ, ಆಗದಿದ್ರೂ ಸರಿ ಅಮ್ಮಾವ್ರೆ,” ಎಂದ.

“ಇದು ಊಟದ ಮನೆ ಕಣಪ್ಪ, ಅಡ್ಡಗೋಡೆ ಮೇಲೆ ದೀಪ ಇಡೋ ಜಾಗ ಅಲ್ಲ. ಬೇಕೋ ಬೇಡ್ವೋ?”

“ಕೊಟ್ರೆ ತಿಂತೀನಿ.”

ಕೊಟ್ಟೆ. ತಿಂದ. ಹುರಿದ ಮಾಂಸ ಇಟ್ಟರೂ ಒಂದೇ, ತಂಗಳು ಗಂಜಿ ಇಟ್ಟರೂ ಒಂದೇ. ನನ್ನ ಸೇಬಿನ ಪೈ ತಿಂದು ಏನೂ ಹೇಳದ ಮನುಷ್ಯ ಈ ಭೂಮಿಯ ಮೇಲೆ ಇವನೊಬ್ಬನೇ. ನನಗೆ ಮೈಯೆಲ್ಲ ಉರಿಯಿತು.

ಹಳ್ಳಿಯಿಂದ ಬಂದವನು ಪಟ್ಟಣ ನೋಡಿ ಬೆರಗಾಗುತ್ತಾನೆ, ಮಜಾ ನೋಡೋಣ ಎಂದು ಹುಡುಗರು ಕಾದಿದ್ದರು. ಅವನನ್ನು ಕೆಂಪು ಟ್ರಾಮಿನಲ್ಲಿ ಕೂರಿಸಿ ಪೇಟೆ ತೋರಿಸಿದರು, ಹನ್ನೆರಡು ಮಹಡಿ ಲಿಫ್ಟಿನಲ್ಲಿ ಏರಿಸಿದರು, ಸಮುದ್ರಕ್ಕೂ ಕರೆದೊಯ್ದರು. “ನೀರು ಬಹಳ ಇದೆ,” ಎಂದನಂತೆ, ಅಷ್ಟೆ. ಒಂದು ವಿಷಯದಲ್ಲಿ ಮಾತ್ರ ಅವರಿಗೆ ನಗು ಸಿಕ್ಕಿತು. ನಮ್ಮ ಚೌಕಗಳಲ್ಲಿ ಸಿಗ್ನಲ್ ಬದಲಾಗುವಾಗ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆದಾಗಲೆಲ್ಲ ಡೆಲ್ಮರ್ ಟೋಪಿ ತೆಗೆದು ಎದೆಗಿಟ್ಟುಕೊಂಡು ನಿಲ್ಲುತ್ತಿದ್ದ. ಅವನ ಊರಲ್ಲಿ ವಾರದ ನಡುವೆ ಗಂಟೆ ಹೊಡೆದರೆ ಯಾರೋ ಹೋದರೆಂದೇ ಅರ್ಥ. ಒಂದು ಚೌಕ ದಾಟುವಷ್ಟರಲ್ಲಿ ಇವನು ಮೂರು ಹೆಣಕ್ಕೆ ಮರ್ಯಾದೆ ಕೊಟ್ಟ ಎಂದು ಗಸ್ ಊಟದ ಮೇಜಿನಲ್ಲಿ ಮಾಡಿ ತೋರಿಸಿದ. ಮರುದಿನ ಗೋಡೆಯ ಮೇಲೆ ಚಿತ್ರವೂ ಬಂತು. ಡೆಲ್ಮರ್ ಅದನ್ನು ನೋಡಿ ತಲೆಯಾಡಿಸಿದ. ಸಿಟ್ಟಾಗಲು ಅವನೊಳಗೆ ಏನಾದರೂ ಉಳಿದಿರಬೇಕಲ್ಲ!

ಆ ಕೈಯ ವಿಷಯ ನಾನು ಗಮನಿಸಿದ್ದು ಎರಡನೆಯದೋ ಮೂರನೆಯದೋ ದಿನ. ಮೇಜಿನ ತುದಿಯ ಕುರ್ಚಿ ಅವನದು, ಎಡಗಡೆ ಯಾರೂ ಇಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರುತ್ತಾನೆ, ಒಂದು ತುಂಡು ಮುರಿಯುತ್ತಾನೆ. ಮುರಿದ ತುಂಡು ಅವನ ಬಾಯಿಗೆ ಹೋಗುವುದಿಲ್ಲ. ಬಲಗೈ ಮೆಲ್ಲಗೆ ಎಡಕ್ಕೆ ಹೊರಡುತ್ತದೆ, ಒಬ್ಬರ ಬಾಯಿಯ ಎತ್ತರಕ್ಕೆ. ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಅವನು ಕೈಯನ್ನು ನೋಡುತ್ತಾನೆ. ಆಮೇಲೆ ಅದನ್ನು ವಾಪಸು ತಂದು ತಾನೇ ತಿನ್ನುತ್ತಾನೆ. ಪ್ರತಿ ಊಟದಲ್ಲೂ ಮೊದಲ ತುತ್ತಿಗೆ ಹೀಗೆ.

“ಯಾರಿಗೆ ಕೊಡ್ತಿದೀರಿ ಸಾರ್, ಗೋಡೆಗಾ?” ಎಂದ ಗಸ್.

ಡೆಲ್ಮರ್ ಊಟವಾದ ಮೇಲೆ ತಟ್ಟೆ ಹಿಡಿದು ಅಡುಗೆಮನೆಗೆ ಬಂದು ನನ್ನ ಹತ್ತಿರ ನಿಂತ. ತಾನಾಗಿಯೇ ಬಾಯಿ ಬಿಟ್ಟದ್ದು ಅಂದೇ ಮೊದಲು.

“ಐಡಾಗೆ ಸಂಧಿವಾತ ಇತ್ತು ಅಮ್ಮಾವ್ರೆ. ಬೆರಳೆಲ್ಲ ಒಳಕ್ಕೆ ಮಡಚ್ಕೊಂಡ್ಬಿಟ್ಟಿದ್ವು, ಚಮಚ ಹಿಡಿಯೋಕಾಗ್ತಿರ್ಲಿಲ್ಲ. ನನ್ನ ಎಡಗಡೆ ಕೂರ್ತಿದ್ಲು. ಮೊದಲ್ನೇ ತುತ್ತು ಅವಳಿಗೆ, ಆಮೇಲೆ ನಂಗೆ. ವರ್ಷಾನುಗಟ್ಲೆ ಹಂಗೇ.”

ನಾನು ತೊಳೆಯುವುದನ್ನು ನಿಲ್ಲಿಸಿದೆ.

“ಅವಳು ಹೋದ್ಮೇಲೆ ನಂಗೇನೂ ಅನ್ನಿಸ್ತಿಲ್ಲ. ಎಲ್ರೂ ಅತ್ರು, ನಂಗೆ ಅಳು ಬರ್ಲಿಲ್ಲ. ಅವಳ ಮುಖ ನೆನೆಸ್ಕೊಂಡ್ರೂ ಬರಲ್ಲ. ಮೈಯೆಲ್ಲ ಜೋಮು ಹಿಡ್ದಂಗಿದೆ. ಈ ಕೈ ಒಂದಕ್ಕೆ ಮಾತ್ರ ಇನ್ನೂ ಗೊತ್ತಾಗಿಲ್ಲ. ಅವಳಿದಾಳೆ ಅಂತ್ಲೇ ಅಂದ್ಕೊಂಡು ಹೋಗತ್ತೆ.” ತಟ್ಟೆಯನ್ನು ಮೆಲ್ಲಗೆ ನೀರಿಗಿಳಿಸಿದ. “ನಂಗೆ ಅವಳದ್ದು ಅಂತ ಉಳ್ದಿರೋದು ಅಷ್ಟೇ. ಅದಕ್ಕೆ ಯಾರೂ ಏನೂ ಹೇಳ್ದಿದ್ರೆ ಸಾಕು.”

ಅಯ್ಯೋ ದೇವರೇ ಎನ್ನಿಸಿತು. ನನ್ನ ಗಂಡ ಹೋದಾಗ ನಾನು ಬೀದಿಗೆ ಕೇಳುವಂತೆ ಅತ್ತೆ, ಅತ್ತು ಅತ್ತು ಹಗುರಾದೆ. ಈ ಮನುಷ್ಯನಿಗೆ ಅದೂ ಇಲ್ಲ. ಅಂದೇ ಸಂಜೆ ಗಸ್‌ನ ಕಿವಿ ಹಿಂಡಿ, ಇನ್ನೊಮ್ಮೆ ಆ ಕೈ ಬಗ್ಗೆ ಮಾತಾಡಿದರೆ ಗಂಟು ಮೂಟೆ ಬೀದಿಗೆ ಬೀಳುತ್ತದೆ ಎಂದು ಹೇಳಿದೆ. ಕಾರಣ ಹೇಳಲಿಲ್ಲ. ವೆಂಡೆಲ್‌ಗೆ ಹೇಳುವ ಅಗತ್ಯವೇ ಕಾಣಲಿಲ್ಲ. ಅವನು ಚಿಕ್ಕಂದಿನಲ್ಲಿ ಒಂದು ಇಡೀ ಬೇಸಿಗೆ ಐಡಾಳ ಮನೆಯಲ್ಲಿ ಇದ್ದವನು, ಅವಳ ಮೇಜಿನಲ್ಲೇ ಉಂಡವನು. ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಎರಡು ವಾರಕ್ಕೆಂದು ಬಂದ ಡೆಲ್ಮರ್ ಹೊರಡಲಿಲ್ಲ. ಹೋಗಲು ಅವನಿಗೆ ಕಾರಣವಿರಲಿಲ್ಲ, ಇರಲೂ ಇರಲಿಲ್ಲ. ನಮ್ಮ ಸೂರಿನ ಹೆಂಚು ಸರಿ ಮಾಡಿದ, ಪಕ್ಕದ ಮನೆಯ ಚಿಮಣಿ ಕಟ್ಟಿದ. ಎತ್ತರಕ್ಕೆ ಹತ್ತುವ ಕೆಲಸ ಎಲ್ಲೇ ಇದ್ದರೂ ಬೀದಿಯವರು ಅವನನ್ನು ಕರೆದರು. ಹತ್ತಿದರೆ ನಾನು ಅಂಗಳದಲ್ಲಿ ನಿಂತು ಕಾಯುತ್ತಿದ್ದೆ.

“ಇಳಿ ಸಾಕು, ಕಾಫಿ ಆರತ್ತೆ!”

“ಬಂದೆ ಅಮ್ಮಾವ್ರೆ.”

ಬರುತ್ತಿದ್ದ. ಉಣ್ಣುತ್ತಿದ್ದ. ಮೊದಲ ತುತ್ತಿಗೆ ಕೈ ಎಡಕ್ಕೆ ಹೋಗುತ್ತಿತ್ತು. ಅದು ಹೋಗುವ ಹೊತ್ತಿಗೆ ನಾನು ಯಾವುದೋ ನೆಪದಲ್ಲಿ ಮುಖ ತಿರುಗಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಕಣ್ಣಂಚಿನಲ್ಲಿ ಅದನ್ನು ಕಂಡಾಗ ನನಗೆ ಸಮಾಧಾನವಾಗುತ್ತಿತ್ತು. ಆ ದೇಹದಲ್ಲಿ ಬದುಕಿರುವ ಒಂದು ವಸ್ತುವಾದರೂ ಇದೆಯಲ್ಲ ಎಂದು.

ಇತ್ತ ವೆಂಡೆಲ್ ಉಗುರು ಕಚ್ಚುವುದು ನಿಲ್ಲಿಸಿದ್ದ. ಮುಖದಲ್ಲಿ ಕಳೆ ಬಂದಿತ್ತು. ಅವನ ದೃಶ್ಯ ಒಪ್ಪಿಗೆಯಾಯಿತಂತೆ, ಕಂಪನಿಯ ಕತ್ತಲೆ ಕೋಣೆಯಲ್ಲಿ ಪೆನ್ಸಿಲು ಚಿತ್ರಗಳನ್ನು ಓಡಿಸಿ ನೋಡಿದಾಗ ದೊಡ್ಡವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಆ ಗುರುವಾರ ಹಾಸಿಗೆ ಬಟ್ಟೆ ತೆಗೆಯಲು ಅವನ ಕೋಣೆಗೆ ಹೋದೆ. ಮೇಜಿನ ಮೇಲೆ ಕರಡು ಹಾಳೆಗಳ ಕಟ್ಟು. ಈ ಹುಡುಗರೊಂದಿಗೆ ಇದ್ದೂ ಇದ್ದೂ ನನಗೂ ಒಂದು ಚಟ ಅಂಟಿದೆ: ಕಟ್ಟಿನ ಮೂಲೆ ಹಿಡಿದು ಸರ್ರನೆ ಬಿಟ್ಟರೆ ಚಿತ್ರ ಅಲ್ಲಾಡುತ್ತದೆ. ಬಿಟ್ಟೆ. ತೇಪೆ ಹಾಕಿದ ಕೋಟಿನ ಇಲಿ ಚೀಸು ಮುರಿಯಿತು. ಅದರ ಬಲಗೈ ಮೆಲ್ಲಗೆ ಎಡಕ್ಕೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಇಲಿ ಖಾಲಿ ಜಾಗ ನೋಡಿತು, ತನ್ನ ಕೈ ನೋಡಿತು, ಕಣ್ಣು ಮಿಟುಕಿಸಿತು, ಚೀಸನ್ನು ತನ್ನ ಬಾಯಿಗೆ ಹಾಕಿಕೊಂಡಿತು.

ಸಂಜೆ ಅವನು ಮೆಟ್ಟಿಲು ಹತ್ತುವ ಮುಂಚೆಯೇ ಹಿಡಿದು ಅಡುಗೆಮನೆಗೆ ಎಳೆದೆ.

“ಏನೋ ಇದು ವೆಂಡೆಲ್? ಕಣ್ಣು ಕುರುಡಾಗಿದ್ವಾ ನಿಂಗೆ?”

“ಯಾವುದು? ಓ, ಕೈದಾ? ಚೆನ್ನಾಗಿ ಬಂದಿದೆ ಅಲ್ವಾ!” ಹುಡುಗ ಅರಳಿಬಿಟ್ಟ. “ನೋಡಿ ಮಿಸೆಸ್ ಬಿಕ್‌ಫರ್ಡ್, ಗುಟ್ಟಿರೋದು ನಿಲ್ಲೋದ್ರಲ್ಲಿ. ಹೋಗೋವಾಗ ಭುಜ ಮೊದ್ಲು, ಮೊಣಕೈ ಆಮೇಲೆ, ಬೆರಳು ಕೊನೇಗೆ. ನಿಂತ್ಮೇಲೆ ಒಂದು ಕ್ಷಣ ಏನೂ ಅಲ್ಲಾಡ್ಬಾರ್ದು, ಕಣ್ಣು ಸುದ್ದಾ! ಒಂದು ತಿಂಗಳಿಂದ ಅವನ ಎದ್ರಿಗೇ ಕೂತು ನೋಡ್ದೆ. ಯಾರಿಂದ್ಲೂ ಕಟ್ಟಿ ಬರೆಯಕ್ಕಾಗ್ದಂಥದ್ದು.”

“ಅವನು ಯಾಕೆ ಹಂಗೆ ಮಾಡ್ತಾನೆ ಗೊತ್ತಾ?”

“ಯಾಕೆ ಅಂದ್ರೆ? ಅದವನ ಚಾಳಿ.”

“ಚಿಕ್ಕವನಿದ್ದಾಗ ಅವರ ಮನೇಲಿದ್ಯಲ್ಲ, ಆ ಬೇಸಿಗೇಲಿ ಅವನ ಎಡಗಡೆ ಯಾರು ಕೂರ್ತಿದ್ರು?”

ಹುಡುಗನ ಮುಖದ ಬಣ್ಣ ಇಳಿಯುತ್ತ ಹೋಯಿತು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ. ಆ ಕೈಯ ಒಂದೊಂದು ಗೆರೆಯನ್ನೂ ಕಂಡವನು ಕೈ ಎಲ್ಲಿಗೆ ಹೊರಟಿದೆ ಎಂದು ಮಾತ್ರ ಕಾಣಲಿಲ್ಲ. ಕೆಟ್ಟವನಲ್ಲ ವೆಂಡೆಲ್. ಬೇರೆ ಯಾವ ಕಸುಬಿನವನೂ ಇಂಥ ತಪ್ಪು ಮಾಡುತ್ತಿರಲಿಲ್ಲ, ಅಷ್ಟೆ. ಬಡಗಿಯಾಗಿದ್ದರೆ ಒಂದೇ ನೋಟಕ್ಕೆ, ಪಾಪ, ಹೆಂಡತಿ ನೆನಪು ಎಂದುಕೊಂಡು ತಲೆ ತಗ್ಗಿಸುತ್ತಿದ್ದ.

“ಐಡಾ,” ಎಂದ ಕೊನೆಗೆ. “ನಾನು… ನಂಗೂ ತಿನ್ನಿಸಿದ್ದ ಒಂದ್ಸಲ. ಅವಳ ಜೊತೇಲಿ, ತಮಾಷೆಗೆ.” ಕುರ್ಚಿ ಎಳೆದು ಕೂತು ತಲೆ ಹಿಡಿದುಕೊಂಡ.

“ತೆಗ್ಸು ಅದನ್ನ.”

“ಬಣ್ಣದವ್ರ ಹತ್ರ ಹೋಗಿದೆ.”

“ಹೋಗಿದ್ರೆ ವಾಪಸ್ ತರ್ಸು. ಕಾಲು ಹಿಡಿ, ಏನಾದ್ರೂ ಮಾಡು.”

ಮರುದಿನ ಅವನು ನಿಜವಾಗಿಯೂ ಹೋಗಿ ಮೇಲಿನವರ ಮುಂದೆ ನಿಂತ. ಅದನ್ನು ಒಪ್ಪಿಕೊಳ್ಳಬೇಕು, ಅವನಿಗದು ಸಣ್ಣ ಮಾತಲ್ಲ. ಎಲ್ಲ ಹೇಳಿದ. ಅವರು ಕೇಳಿ, “ನಿಜವಾಗ್ಲೂ ಇರೋ ಮನುಷ್ಯನದಾ? ಅದಕ್ಕೇ ಇಷ್ಟು ಚೆನ್ನಾಗಿದೆ,” ಎಂದರಂತೆ. ಇಡೀ ದೃಶ್ಯದಲ್ಲಿ ಜನ ನಗುವುದು ಅಲ್ಲೊಂದೇ ಕಡೆ, ಅದು ಇರಲೇಬೇಕು ಎಂದರಂತೆ. ವೆಂಡೆಲ್ ಬಂದು ಮೆಟ್ಟಿಲ ಮೇಲೆ ಕೂತ. ಅಂದಿನಿಂದ ಅವನ ಉಗುರು ಮತ್ತೆ ಬಾಯಿಗೆ ಹೋಯಿತು. ದೊಡ್ಡ ಚಿತ್ರಗಾರರ ಸಾಲಿನಲ್ಲಿ ಅವನಿಗೆ ಜಾಗ ಕೊಟ್ಟರು. ಆ ಸುದ್ದಿಯನ್ನು ಅವನು ನಮಗೆ ಹೇಳಲೇ ಇಲ್ಲ, ಗಸ್ ಹೇಳಿದ.

ಡೆಲ್ಮರ್ ಅದನ್ನು ನೋಡದಂತೆ ಮಾಡುವುದು ನನ್ನ ತಲೆಗೆ ಬಿತ್ತು. ಊರಿಗೆ ಹೋಗು ಎಂದೆ, ಹೋಗೋಣ ಎಂದ, ಹೋಗಲಿಲ್ಲ. ಚಿತ್ರ ಬಿಡುಗಡೆಯಾಗುವ ಶನಿವಾರ ನನಗೆ ಕಾಲು ನೋವು ಬಂತು, ತಲೆ ಸುತ್ತು ಬಂತು, ಬಾರದ ಕಾಯಿಲೆಯೇ ಇಲ್ಲ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ: ಯಾರ ಕೆಲಸ ಪರದೆಗೆ ಬಂದರೂ ಮನೆಮಂದಿಯೆಲ್ಲ ಮೊದಲ ಆಟಕ್ಕೆ ಹೋಗಿ ಒಂದೇ ಸಾಲಿನಲ್ಲಿ ಕೂರಬೇಕು.

“ನಂಗೆ ಹುಷಾರಿಲ್ಲ ಡೆಲ್ಮರ್. ನೀನು ಮನೇಲಿ ನನ್ನ ಜೊತೆ ಇರು.”

“ಡಾಕ್ಟ್ರನ್ನ ಕರೀಲಾ?”

“ಡಾಕ್ಟ್ರು ಗೀಕ್ಟ್ರು ಬೇಡ. ಸುಮ್ನೆ ಇರು ಅಂದೆ.”

“ನಮ್ಮ ಚಿಕ್ಕಮ್ಮನ ಮಗ ಅಮ್ಮಾವ್ರೆ. ಅವನ ಮೊದಲ್ನೇ ಕೆಲ್ಸ. ಐಡಾ ಇದ್ದಿದ್ರೆ ಹೋಗು ಅಂತಿದ್ಲು,” ಎಂದು ಟೋಪಿ ಕೈಗೆತ್ತಿಕೊಂಡ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನಾನೂ ಕೋಟು ಹಾಕಿಕೊಂಡೆ.

ಮಧ್ಯಾಹ್ನದ ಆಟ, ಥಿಯೇಟರು ಕಿಕ್ಕಿರಿದಿತ್ತು. ದೊಡ್ಡ ಚಿತ್ರಕ್ಕೆ ಮುಂಚೆ ಇಲಿ ಬಂತು. ರಸ್ತೆ ಗಂಟೆ ಹೊಡೆದಾಗ ಇಲಿ ಟೋಪಿ ತೆಗೆದು ಎದೆಗಿಟ್ಟುಕೊಂಡಿತು. ಜನ ನಕ್ಕರು. ಪಕ್ಕದಲ್ಲಿ ಡೆಲ್ಮರ್‌ನ ತುಟಿಯ ಮೂಲೆಯೂ ಒಂದಿಷ್ಟು ಅಲ್ಲಾಡಿತೆಂದು ನನಗನ್ನಿಸಿತು. ಆಮೇಲೆ ಮೇಜು, ಬೆಳ್ಳಿ ತಟ್ಟೆ, ಚೀಸು. ವೆಂಡೆಲ್ ಆ ಕಡೆ ಕೂತು ಕಣ್ಣು ಮುಚ್ಚಿಕೊಂಡಿದ್ದ. ಇಲಿ ಚೀಸು ಮುರಿಯಿತು. ಕೈ ಎಡಕ್ಕೆ ಹೊರಟಿತು, ನಿಂತಿತು. ಹಿನ್ನೆಲೆಯ ಪಿಟೀಲು ಕೂಡ ನಿಂತಿತು. ಇಲಿ ಖಾಲಿ ಜಾಗ ನೋಡಿ ಕಣ್ಣು ಮಿಟುಕಿಸಿತು, ಇಡೀ ಥಿಯೇಟರು ಘೊಳ್ಳೆಂದಿತು. ನಮ್ಮ ಹಿಂದೆ ಕೂತಿದ್ದ ಹೆಂಗಸೊಬ್ಬಳಿಗೆ ನಗು ತಡೆಯದೆ ಬಿಕ್ಕಳಿಕೆ ಬಂತು. ಎದ್ದು ಅವಳ ಟೋಪಿ ಕಿತ್ತು ಎಸೆಯಬೇಕೆನ್ನಿಸಿತು ನನಗೆ. ಡೆಲ್ಮರ್ ಪರದೆ ನೋಡಲಿಲ್ಲ. ತಿರುಗಿ, ನಗುತ್ತಿರುವ ಜನರನ್ನು ಸಾಲು ಸಾಲಾಗಿ ನೋಡಿದ.

ವಾಪಸು ಬರುವಾಗ ಟ್ರಾಮಿನಲ್ಲಿ ಡೆಲ್ಮರ್ ವೆಂಡೆಲ್‌ನ ಎದುರು ಕೂತಿದ್ದ.

“ಚೆನ್ನಾಗಿ ಬರ್ದಿದೀಯ. ಹಂಗೇ ಇದೆ,” ಎಂದ.

ವೆಂಡೆಲ್ ಕೈಯಲ್ಲಿದ್ದ ಟಿಕೆಟ್ಟನ್ನು ಮಡಚತೊಡಗಿದ.

“ಆ ಇಲಿಗೆ ಹೆಂಡ್ತಿ ಇದ್ಲಾ?”

“ಇಲ್ಲ. ಕಥೇಲಿ… ಇಲ್ಲ.”

“ಹಂಗಾದ್ರೆ ಅದು ಯಾರಿಗೆ ಕೊಡೋಕೆ ಹೋಯ್ತು?”

ಹೀಯಾಳಿಸಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ. ವೆಂಡೆಲ್ ಕಿಟಕಿಯ ಕಡೆ ಮುಖ ಮಾಡಿದ.

ಅಂದು ಸಂಜೆ ಡೆಲ್ಮರ್ ಬ್ರೆಡ್ಡಿಗೆ ಬೆಣ್ಣೆ ಸವರಿ, ತುಂಡು ಮುರಿದ. ಕೈ ಹೋಗಲಿಲ್ಲ. ತಟ್ಟೆಯ ಮೇಲೆಯೇ ನಿಂತಿತ್ತು. ಅವನು ಕಾದ. ಮೇಜಿನ ಸುತ್ತ ನಾವೆಲ್ಲ ನಮ್ಮ ನಮ್ಮ ತಟ್ಟೆ ನೋಡಿಕೊಂಡು ಕಾದೆವು. ಆಮೇಲೆ ಅವನೇ ಅದನ್ನು ಎತ್ತಿ ಎಡಕ್ಕೆ ಚಾಚಿದ. ನೋಡಿದ. ವಾಪಸು ತಂದು ತಟ್ಟೆಯಲ್ಲಿಟ್ಟ.

“ಇದು ನಾನು ಮಾಡಿದ್ದು,” ಎಂದ ನನಗೆ. “ಅದಾಗೇ ಹೋಗ್ಲಿಲ್ಲ.”

“ನಾಳೆ ಹೋಗತ್ತೆ, ಉಣ್ಣು.”

ಮರುದಿನವೂ ಹೋಗಲಿಲ್ಲ, ಅದರ ಮರುದಿನವೂ ಇಲ್ಲ. ಪ್ರತಿ ಊಟಕ್ಕೂ ತುಂಡು ಮುರಿದು ಕಾಯುತ್ತಿದ್ದ. ಎಷ್ಟು ನೋಡಿದರೆ ಕೈ ಅಷ್ಟೂ ಬಿಗಿಯಾಯಿತು. ನೋಡದೆ ಇದ್ದರೆ ಹೋದೀತೆಂದು ಕಿಟಕಿ ನೋಡುತ್ತ ಕೂತ, ಮಾತಾಡಿಸಿ ಎಂದು ನನ್ನನ್ನು ಕೇಳಿಕೊಂಡ. ನಾನು ಹಾಲಿನವನ ಕಥೆ, ಪಕ್ಕದ ಮನೆಯವಳ ನಾಯಿಯ ಕಥೆ, ಹೇಳಬಾರದ ಕಥೆಯನ್ನೆಲ್ಲ ಹೇಳಿದೆ. ಕಲ್ಲಿನ ಮೇಲೆ ಮಳೆ ಸುರಿದಂತಾಯಿತು. ಕೊನೆಗೆ ಅವನು ಬ್ರೆಡ್ಡು ಮುರಿಯುವುದನ್ನೇ ಬಿಟ್ಟ, ಕಾಫಿ ಮಾತ್ರ ಕುಡಿದು ಏಳುತ್ತಿದ್ದ. ಕೆನ್ನೆ ಒಳಗೆ ಹೋದವು. ಮುಖ ಅದೇ ಮುಖ, ನೋವಿಲ್ಲ, ಸಿಟ್ಟಿಲ್ಲ. ಬೈದರೂ ಸಾಕಿತ್ತು, ವೆಂಡೆಲ್‌ಗೆ ಒಂದು ಏಟು ಹಾಕಿದ್ದರೂ ಸಾಕಿತ್ತು. ಅದನ್ನೇ ಒಂದು ದಿನ ಹೇಳಿದೆ.

“ಹೊಡಿ ಮಾರಾಯ ಅವನಿಗೆ, ಇಬ್ರಿಗೂ ಒಳ್ಳೇದಾಗತ್ತೆ.”

“ಯಾಕೆ ಅಮ್ಮಾವ್ರೆ? ಅವನೇನು ಸುಳ್ಳು ಬರ್ದಿಲ್ವಲ್ಲ,” ಎಂದ.

ಮುಂದಿನ ಭಾನುವಾರ ಮಿಕ್ಕ ಹುಡುಗರೆಲ್ಲ ಬೀಚಿಗೆ ಹೋಗಿದ್ದರು. ಮಧ್ಯಾಹ್ನದ ಮೇಜಿನಲ್ಲಿ ನಾನು, ಡೆಲ್ಮರ್, ವೆಂಡೆಲ್ ಮೂವರೇ. ಕೋಳಿ ಹುರಿದಿದ್ದೆ, ಯಾರೂ ಮುಟ್ಟಲಿಲ್ಲ. ಡೆಲ್ಮರ್ ಬ್ರೆಡ್ಡಿನ ಬುಟ್ಟಿಯನ್ನು ವೆಂಡೆಲ್ ಕಡೆ ತಳ್ಳಿದ.

“ವೆಂಡೆಲ್, ನಿಂಗೆ ಅದು ಗೊತ್ತಲ್ಲ. ಎಲ್ಲಿಂದ ಎತ್ತೋದು, ಯಾವ್ದು ಮೊದ್ಲು, ಎಲ್ಲಿ ನಿಧಾನ. ಮಾಡಿ ತೋರ್ಸು.”

ವೆಂಡೆಲ್ ಕುರ್ಚಿ ಹಿಂದಕ್ಕೆ ಸರಿಸಿದ. “ಬೇಡ ಡೆಲ್ಮರ್. ನನ್ನಿಂದಾಗಲ್ಲ.”

“ಬರೆದಿದೀಯಲ್ಲ. ನಂಗೆ ಮರ್ತುಹೋಗಿದೆ. ನೆನಪಿರೋದು ನಿಂಗೊಬ್ಬನಿಗೇ.”

ಹೇಳಿ ಎದ್ದ. ತನ್ನ ಕುರ್ಚಿ ವೆಂಡೆಲ್‌ಗೆ ಬಿಟ್ಟು, ಇನ್ನೊಂದು ಕುರ್ಚಿ ಎಳೆದು ಅದರ ಎಡಗಡೆ ಹಾಕಿಕೊಂಡು ಕೂತ. ಬೆರಳುಗಳನ್ನು ಒಳಕ್ಕೆ ಮಡಚಿ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡ. ಐಡಾ ಹಾಗೆಯೇ ಕೂರುತ್ತಿದ್ದಳೆಂದು ವೆಂಡೆಲ್ ಆಮೇಲೆ ನನಗೆ ಹೇಳಿದ.

ವೆಂಡೆಲ್ ನನ್ನ ಮುಖ ನೋಡಿದ. “ಮಾಡು,” ಎಂದೆ. ನನಗೂ ಬೇರೇನೂ ತೋಚಲಿಲ್ಲ.

ಅವನು ಬೆಣ್ಣೆ ಸವರಿದ, ಮುರಿದ. ಭುಜ, ಮೊಣಕೈ, ಆಮೇಲೆ ಬೆರಳು. ಅದೇ ಕೈ, ಮುಖ ಮುಚ್ಚಿ ಕೈಯಷ್ಟೇ ತೋರಿಸಿದ್ದರೂ ಗುರುತು ಹಿಡಿಯುತ್ತಿದ್ದೆ. ಅರ್ಧ ದಾರಿಗೆ ಬಂದು ನಿಂತಿತು.

“ನಿಲ್ಲಿಸ್ಬೇಡ,” ಎಂದ ಡೆಲ್ಮರ್. “ಅವಳಿದ್ದಾಗ ಅಲ್ಲಿ ನಿಲ್ತಿರ್ಲಿಲ್ಲ.”

ವೆಂಡೆಲ್ ಮತ್ತೆ ತಟ್ಟೆಯಿಂದ ಶುರು ಮಾಡಿದ. ಈ ಸಲ ಅರ್ಧ ದಾರಿ ದಾಟಿತು. ಆ ಕಡೆಯ ದಾರಿಯನ್ನು ಅವನು ಬರೆದಿರಲಿಲ್ಲ, ತಡಕುತ್ತ ತಡಕುತ್ತ ಹೋಯಿತು. ಡೆಲ್ಮರ್ ಹತ್ತಿರ ಬರುತ್ತಿದ್ದ ಕೈಯನ್ನೇ ನೋಡುತ್ತ ಬಾಯಿ ತೆರೆದ. ತುತ್ತು ಒಳಗೆ ಹೋಯಿತು. ನಿಧಾನಕ್ಕೆ ಅಗಿದು ನುಂಗಿದ.

“ಅವಳಿಗೆ ಹಿಂಗೆ ಕಾಣ್ತಿತ್ತು,” ಎಂದ.

ಅವನ ಕಣ್ಣಲ್ಲಿ ನೀರಿತ್ತೇ ಎಂದರೆ ಇರಲಿಲ್ಲ. ಸುರಿಯುತ್ತಿದ್ದದ್ದು ವೆಂಡೆಲ್‌ನ ಕಣ್ಣಿಂದ. ಅವನು ಒರೆಸಿಕೊಳ್ಳಲೂ ಇಲ್ಲ, ಇನ್ನೊಂದು ತುಂಡು ಮುರಿದ. ಡೆಲ್ಮರ್ ಅದನ್ನೂ ತಿಂದ. ವಾರದಿಂದ ಹೊಟ್ಟೆಗೆ ಸರಿಯಾಗಿ ಏನೂ ಬೀಳದವನು, ಬುಟ್ಟಿ ಖಾಲಿಯಾಗುತ್ತಿತ್ತು. ನಾನು ಅಡುಗೆಮನೆಗೆ ಹೋಗಿ ಇನ್ನಷ್ಟು ಬ್ರೆಡ್ಡು ಕೊಯ್ದು ತಂದೆ.